ಲೇಖಕರು ಹೊರಟ ಮೇಲೆ ಓದುವವರು ಯಾರು?

ಲೇಖಕರು ಶಾಲೆಗೆ ಹೋಗಿ ಮಕ್ಕಳ ಮನೆಯವರ ಜೊತೆ ಕೂತು ಓದುವುದನ್ನೇ ವಿಚಾರ ಸಂಕಿರಣದ ವಿಷಯವಾಗಿ ಆರಿಸಿಕೊಂಡ ಸಂಘಟಕರಿಗೆ ಅಭಿನಂದನೆಗಳು.

ಕನ್ನಡ ಮಕ್ಕಳ ಸಾಹಿತ್ಯದ ಚರಿತ್ರೆಯನ್ನು ನಾನು ಬೆಳೆಸುವುದಿಲ್ಲ. ಪಂಜೆ ಮಂಗೇಶರಾಯರನ್ನು ಆಳವಾಗಿ ಓದಿದವರು ಮೊದಲ ಸಾಲಿನಲ್ಲೇ ಇದ್ದಾರೆ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳ ಬಗ್ಗೆ ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಬಂಧವಿದೆ. ಒಂದು ಮಾತು ಮಾತ್ರ ನೆನಪಿಸುತ್ತೇನೆ. ಪಂಜೆಯವರು ಮೇಷ್ಟ್ರಾಗಿ, ಆಮೇಲೆ ಶಾಲಾ ಇನ್‌ಸ್ಪೆಕ್ಟರಾಗಿ ತರಗತಿಗಳನ್ನು ಕಂಡವರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕುಣಿಸಿ ಆಡಿಸಿದರು. ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಬರೆದರು. ಇವರು ಮಕ್ಕಳ ಮುಖ ನೋಡುತ್ತ ಬರೆದವರು.

ಆಮೇಲೆ ನಾವು ದಾರಿ ತಪ್ಪಿದೆವು. ಮಗುವನ್ನು ಒಂಟಿ ಓದುಗ ಎಂದು ಎಣಿಸಿ, ಮನೆಯವರನ್ನು ಬಾಗಿಲ ಹೊರಗೆ ನಿಲ್ಲಿಸಿದೆವು. ಪ್ರಶಸ್ತಿಗಳ ಬಗ್ಗೆ ನನ್ನ ತಕರಾರಿಲ್ಲ. 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಶುರುವಾಗಿ, ಕನ್ನಡದಲ್ಲಿ ಅದು ಬೊಳುವಾರು ಮಹಮದ್ ಕುಂಞಿ ಅವರಿಗೆ ಸಂದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಆದರೆ ಆಯ್ಕೆ ಸಮಿತಿಗೆ ಮುಟ್ಟಿದಷ್ಟು ಸಲೀಸಾಗಿ ನಮ್ಮ ಪುಸ್ತಕಗಳು ಮನೆಗಳಿಗೆ ಮುಟ್ಟಲಿಲ್ಲ. ಲೇಖಕರು ಶಾಲೆಗೆ ಬಂದರೆ ಸ್ವಾಗತಗೀತೆ, ಹಾರ, ಶಾಲು, ‘ಓದಿ ದೊಡ್ಡವರಾಗಿ’ ಎಂಬ ಉಪದೇಶ, ಕೊನೆಗೊಂದು ಗ್ರೂಪ್ ಫೋಟೊ. ಕಥೆಗೆ ಉಳಿಯುವುದು ಬಿಸಿಯೂಟದ ಗಂಟೆಯ ಮುಂಚಿನ ಐದು ನಿಮಿಷ.

ಗದಗದ ಕಡೆಯ ಒಂದು ಸರ್ಕಾರಿ ಶಾಲೆಗೆ ಲೇಖಕ ಮಿತ್ರರೊಬ್ಬರ ಜೊತೆ ಹೋಗಿದ್ದೆ. ಅವರು ಕುರ್ಚಿ ಬಿಟ್ಟು ಜಮಖಾನದ ಮೇಲೆ ಕೂತು, ಮಳೆಯಲ್ಲಿ ಕುಣಿಯುವ ಆಡಿನ ಕಥೆ ಓದಿದರು. ಹಿಂದೆ ಕೂತಿದ್ದ ತಾಯಿಯೊಬ್ಬರು ತಡೆಯಲಾರದೆ, “ಆಡು ಮಳ್ಯಾಗ ನಿಲ್ಲಂಗಿಲ್ರೀ ಸರ, ಎರಡು ಹನಿ ಬಿದ್ರ ಸಾಕು, ಒಳಗ ಓಡಿ ಬರ್ತಾವ” ಎಂದರು. ಅವರ ಮಗಳು ಹೆಮ್ಮೆಯಿಂದ ತಿರುಗಿ ನೋಡಿದಳು. ಅಲ್ಲಿಂದ ಮುಂದೆ ಕಥೆ ಇಡೀ ಗುಂಪಿನದಾಯಿತು. ಹೊರಡುವಾಗ ಅದೇ ತಾಯಿ ಪುಸ್ತಕ ಹಿಡಿದು ಕೇಳಿದರು: “ನನಗ ಅಕ್ಷರ ಬರಂಗಿಲ್ಲ. ನೀವು ಹೋದ ಮ್ಯಾಲ ಇದನ್ನ ಓದೋರು ಯಾರ್ರೀ?”

ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಮಗುವೇ ಅಮ್ಮನಿಗೆ ಓದಲಿ ಎನ್ನುವವರಿದ್ದಾರೆ. ಅಕ್ಷರ ಕೂಡಿಸಿ ಓದುವ ಎರಡನೇ ತರಗತಿಯ ಮಗುವಿಗೆ ಆಗ ಕಥೆ ಪರೀಕ್ಷೆಯಾಗುತ್ತದೆ. ಚಿತ್ರ ನೋಡಿ ತಾಯಿಯೇ ಹೇಳಲಿ ಎನ್ನುವವರಿದ್ದಾರೆ. ಹಾಗಾದರೆ ನಾವು ತಿದ್ದಿ ತೀಡಿ ಬರೆದ ವಾಕ್ಯಗಳ ಗತಿಯೇನು? ಕನ್ನಡದ ಕಥೆಯನ್ನು ತಾಂಡಾದ ಅಜ್ಜಿ ರಾತ್ರಿ ಲಂಬಾಣಿಯಲ್ಲಿ, ಪುತ್ತೂರಿನ ಅಜ್ಜ ತುಳುವಿನಲ್ಲಿ ಮರಳಿ ಹೇಳಿದರೆ ಅದು ಓದು ಹೌದೋ ಅಲ್ಲವೋ? ಹೌದೆಂದೇ ನನ್ನ ನಂಬಿಕೆ. ನಂಬಿಕೆ ಮಾತ್ರ ಸಾಲದು. ಲೇಖಕರು ಹೋದ ಮೇಲೆ ಆ ಮನೆಗಳಲ್ಲಿ ಪುಸ್ತಕ ಏನಾಗುತ್ತದೆಂದು ನೋಡಿ ಬರೆಯುವವರು ಬೇಕು. ಇಲ್ಲಿರುವ ಯುವ ಸಂಶೋಧಕರು ಈ ಕೆಲಸ ಕೈಗೆತ್ತಿಕೊಳ್ಳಬೇಕು.

ಮನೆಯವರನ್ನು ಓದಿಗೆ ಕರೆತರಲು ಹೊಸ ಯೋಜನೆಯೇನೂ ಬೇಡ. ‘ಸಮುದಾಯದತ್ತ ಶಾಲೆ’ಯ ದಿನ ತಂದೆತಾಯಿ ಮಕ್ಕಳ ಪ್ರಗತಿ ನೋಡಲು ಶಾಲೆಗೆ ಬರುತ್ತಾರೆ, ಅಂದು ಒಂದು ಗಂಟೆ ಕಥೆಗೆ ಸಿಗಲಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಅಂದು ಓದಿದ ಪುಸ್ತಕ ಅಲ್ಲಿಂದ ಮನೆಗೆ ಹೋಗಲಿ.

ಲೇಖಕ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಹತ್ತು ಶಾಲೆಗಳಿಗೆ ಒಮ್ಮೊಮ್ಮೆ ಹೋಗುವ ಬದಲು ಒಂದೇ ಶಾಲೆಗೆ ಮತ್ತೆ ಹೋಗಿ. ಎರಡನೇ ಸಲ ನೀವು ಓದಬೇಡಿ. ನಿಮ್ಮ ಕಥೆಯನ್ನು ಮನೆಯವರು ಹೇಗೆ ಬದಲಿಸಿ ಹೇಳುತ್ತಾರೆಂದು ಕೂತು ಕೇಳಿ. ಹಾರ ಶಾಲುಗಳ ಹಣದಲ್ಲಿ ನಾಲ್ಕು ಪುಸ್ತಕ ಕೊಳ್ಳುವಂತೆ ಮುಖ್ಯೋಪಾಧ್ಯಾಯರಿಗೆ ನೀವೇ ಹೇಳಿ.