ಬೆನ್ನು ಬಾಗಿದರೆ ಉಸಿರಿಗೂ ಕಷ್ಟ

(ಕಲಿಕಾ ಕೇಂದ್ರದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಇವತ್ತು ಮಕ್ಕಳ ಬೆನ್ನಿನ ವಿಷಯ ಹೇಳ್ತೀನಿ. ಉಸಿರಿನ ವಿಷಯವನ್ನೂ ಹೇಳ್ತೀನಿ. ಬೆನ್ನಿಗೂ ಉಸಿರಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ.

ನಿಮ್ಮ ಮಗುವಿನ ಬೆನ್ನಿನ ನಡುವೆ ಕೈಯಾಡಿಸಿ ನೋಡಿ. ಗಂಟು ಗಂಟಾಗಿ ಸಿಗುತ್ತದೆ. ಅದು ಬೆನ್ನುಮೂಳೆ. ಅದು ಒಂದೇ ಮೂಳೆ ಅಲ್ಲ. ಸಣ್ಣ ಸಣ್ಣ ಮೂಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗಿದೆ. ಹಿಂದಿನಿಂದ ನೋಡಿದರೆ ಅದು ನೇರವಾಗಿರಬೇಕು. ಕೆಲವು ಮಕ್ಕಳಲ್ಲಿ ಅದು ಪಕ್ಕಕ್ಕೆ ಬಾಗುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಡಾಕ್ಟರುಗಳು ಇದನ್ನು ಸ್ಕೋಲಿಯೋಸಿಸ್ ಅಂತಾರೆ. ನಾವು ಬೆನ್ನುಡೊಂಕು ಅನ್ನೋಣ.

ಇದು ಹೆಚ್ಚಾಗಿ ಕಾಣುವುದು 10 ವರ್ಷ ದಾಟಿದ ಮೇಲೆ. ಆಗ ಮಕ್ಕಳು ಸರಸರನೆ ಎತ್ತರ ಬೆಳೆಯುತ್ತಾರೆ. ಡೊಂಕೂ ಜೊತೆಗೇ ಬೆಳೆಯುತ್ತದೆ. ಈ ವಯಸ್ಸಿನ 100 ಮಕ್ಕಳಲ್ಲಿ 2ರಿಂದ 3 ಮಕ್ಕಳಿಗೆ ಇದು ಇರುತ್ತದೆ. ಹೆಚ್ಚಿನವರಿಗೆ ಸ್ವಲ್ಪವೇ ಡೊಂಕು. ಜಾಸ್ತಿ ಬಾಗುವುದು ಹುಡುಗಿಯರಲ್ಲೇ ಹೆಚ್ಚು.

ಯಾಕೆ ಬರುತ್ತದೆ? ಕೆಲವರಿಗೆ ಹುಟ್ಟುವಾಗಲೇ ಮೂಳೆಯಲ್ಲಿ ದೋಷ ಇರುತ್ತದೆ. ಕೆಲವರಿಗೆ ನರ, ಸ್ನಾಯುಗಳ ಕಾಯಿಲೆ ಇರುತ್ತದೆ. ಉಳಿದ ಹೆಚ್ಚಿನ ಮಕ್ಕಳಲ್ಲಿ ಕಾರಣ ಇಂಥದ್ದೇ ಅಂತ ವೈದ್ಯಶಾಸ್ತ್ರಕ್ಕೆ ಇನ್ನೂ ತಿಳಿದಿಲ್ಲ. ಆದರೆ ಇದು ಗ್ರಹಣದಿಂದ ಬಂದದ್ದಲ್ಲ. ಶಾಪದಿಂದ ಬಂದದ್ದಲ್ಲ. ನೀರಿನ ಕೊಡ ಹೊತ್ತಿದ್ದರಿಂದಲೂ ಅಲ್ಲ, ಶಾಲೆಯ ಚೀಲದಿಂದಲೂ ಅಲ್ಲ. ತಾಯಿಯ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ.

ಈಗ ಉಸಿರಿನ ಮಾತಿಗೆ ಬರೋಣ. ನಮ್ಮ ಎದೆ ಒಂದು ಬುಟ್ಟಿ ಇದ್ದ ಹಾಗೆ. 12 ಜೊತೆ ಪಕ್ಕೆಲುಬುಗಳು ಆ ಬುಟ್ಟಿಯ ಕಡ್ಡಿಗಳು. ಅವೆಲ್ಲ ಹಿಂದೆ ಬೆನ್ನುಮೂಳೆಗೆ ಸೇರಿಕೊಂಡಿವೆ. ಬುಟ್ಟಿಯೊಳಗೆ ಎರಡು ಶ್ವಾಸಕೋಶಗಳಿವೆ. ಕಮ್ಮಾರನ ತಿದಿ ನೋಡಿದ್ದೀರಲ್ಲ? ಹಾಗೆಯೇ ಅವು ಉಬ್ಬುತ್ತವೆ, ಇಳಿಯುತ್ತವೆ.

ಬೆನ್ನುಮೂಳೆ ಬಾಗಿ ತಿರುಚಿದರೆ ಬುಟ್ಟಿಯೂ ಸೊಟ್ಟಗಾಗುತ್ತದೆ. ಒಂದು ಕಡೆಯ ಕಡ್ಡಿಗಳು ಅಗಲವಾಗುತ್ತವೆ. ಇನ್ನೊಂದು ಕಡೆಯವು ಒತ್ತೊತ್ತಾಗುತ್ತವೆ. ಶ್ವಾಸಕೋಶಕ್ಕೆ ಉಬ್ಬಲು ಜಾಗ ಸಾಲದು. ಪಕ್ಕೆಲುಬುಗಳೂ ಸರಿಯಾಗಿ ಏಳುವುದಿಲ್ಲ. ತಿದಿಯನ್ನು ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ಇಟ್ಟರೆ ಗಾಳಿ ಎಷ್ಟು ಎಳೆದೀತು?

ಡೊಂಕನ್ನು ಎಕ್ಸ್‌ರೇ ತೆಗೆದು ಅಳೆಯುತ್ತಾರೆ. ಅಳತೆಗೆ ಡಿಗ್ರಿ ಅಂತ ಹೆಸರು. ಮನೆಯ ಗೋಡೆಯ ಮೂಲೆ 90 ಡಿಗ್ರಿ ಇರುತ್ತದೆ. ಬೆನ್ನು 10 ಡಿಗ್ರಿಗಿಂತ ಕಡಿಮೆ ಬಾಗಿದ್ದರೆ ಅದನ್ನು ಕಾಯಿಲೆ ಅನ್ನುವುದಿಲ್ಲ. ಎದೆಯ ಭಾಗದ ಡೊಂಕು 70 ಡಿಗ್ರಿ ಮುಟ್ಟಿದರೆ ಉಸಿರಿನ ಬಲ ಎದ್ದು ಕಾಣುವಷ್ಟು ಕುಗ್ಗಬಹುದು. 100 ದಾಟಿದರೆ ಮೆಟ್ಟಿಲು ಹತ್ತುವಾಗ ಏದುಸಿರು ಬರಬಹುದು. ಹೃದಯಕ್ಕೂ ಭಾರ ಬೀಳುತ್ತದೆ.

5 ವರ್ಷದೊಳಗೆ ಡೊಂಕು ಬಂದರೆ ಅಪಾಯ ಇನ್ನೂ ಹೆಚ್ಚು. ಆ ವಯಸ್ಸಿನಲ್ಲಿ ಶ್ವಾಸಕೋಶವೇ ಇನ್ನೂ ಬೆಳೆಯುತ್ತಿರುತ್ತದೆ. ಅಂಥ ಮಗುವನ್ನು ತಡಮಾಡದೆ ತೋರಿಸಬೇಕು.

ಚಿಕಿತ್ಸೆ ಏನು? ಡೊಂಕು ಕಡಿಮೆ ಇದ್ದರೆ ಕೆಲವು ತಿಂಗಳಿಗೊಮ್ಮೆ ಪರೀಕ್ಷೆ ಸಾಕು. 25 ಡಿಗ್ರಿ ದಾಟಿ, ಮಗು ಇನ್ನೂ ಬೆಳೆಯುತ್ತಿದ್ದರೆ ಗಟ್ಟಿ ಪ್ಲಾಸ್ಟಿಕ್ಕಿನ ಬೆಲ್ಟ್ ಕೊಡುತ್ತಾರೆ. ಎಳೆ ಗಿಡಕ್ಕೆ ಕೋಲು ಕಟ್ಟಿದ ಹಾಗೆ. 2013ರಲ್ಲಿ ಅಮೆರಿಕ ಮತ್ತು ಕೆನಡಾದ ವೈದ್ಯರು ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಬೆಲ್ಟ್ ಹಾಕಿದ ಮಕ್ಕಳಲ್ಲಿ 100ಕ್ಕೆ 72 ಮಂದಿಯ ಡೊಂಕು 50 ಡಿಗ್ರಿ ಮುಟ್ಟದೆ ನಿಂತಿತು. ಹಾಕದವರಲ್ಲಿ 48 ಮಂದಿಗೆ ಮಾತ್ರ ಹಾಗಾಯಿತು. ಆದರೆ ಬೆಲ್ಟನ್ನು ಗೂಟಕ್ಕೆ ತೂಗುಹಾಕಿದರೆ ಗುಣ ಬರದು. ದಿನದ ಹೆಚ್ಚು ಹೊತ್ತು ಮೈಮೇಲೇ ಇರಬೇಕು.

50 ಡಿಗ್ರಿ ದಾಟಿದ ಡೊಂಕು ಬೆಳವಣಿಗೆ ನಿಂತ ಮೇಲೂ ನಿಧಾನವಾಗಿ ಹೆಚ್ಚುತ್ತದೆ. ಅದಕ್ಕೇ ಆಪರೇಷನ್ ಮಾಡಿಸಿ ಅಂತಾರೆ. ಅಮೆರಿಕದ ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರು 1962ರಲ್ಲಿ ಉಕ್ಕಿನ ಸರಳು ಹಾಕುವ ವಿಧಾನವನ್ನು ಪ್ರಕಟಿಸಿದರು. ಆಗ ಆಪರೇಷನ್ ಆದವರು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಇರಬೇಕಿತ್ತು. ಈಗ ಮೂಳೆಗಳಿಗೆ ಸ್ಕ್ರೂ ಹಾಕಿ, ಎರಡು ಸರಳು ಕೂಡಿಸಿ ನೆಟ್ಟಗೆ ಮಾಡುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಎಬ್ಬಿಸಿ ನಡೆಸುತ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ಬೇರೆ ಸರಳು ಇದೆ. ಮಗು ಬೆಳೆದ ಹಾಗೆ ಅದನ್ನು ಉದ್ದ ಮಾಡುತ್ತಾ ಹೋಗುತ್ತಾರೆ. ಎದೆಯೂ ಬೆಳೆಯಬೇಕಲ್ಲ!

ಆಪರೇಷನ್ ಮಾಡಿಸಿದರೆ ಉಸಿರು ಸರಿಹೋಗುತ್ತದೆಯೇ? ಇಲ್ಲಿ ನಿಜ ಹೇಳಬೇಕು. ಮೊದಲ ಕೆಲವು ವಾರ ನೋವಿನಿಂದ ಉಸಿರಿನ ಬಲ ಕಡಿಮೆಯೇ ಆಗುತ್ತದೆ. ಗಾಬರಿ ಬೇಡ. ತಿಂಗಳು ಕಳೆದ ಹಾಗೆ ಅದು ಏರುತ್ತದೆ. ಒಂದೆರಡು ವರ್ಷದಲ್ಲಿ ಹೆಚ್ಚಿನವರಿಗೆ ಮೊದಲಿನಷ್ಟು ಬರುತ್ತದೆ. ಕೆಲವರಿಗೆ ಸ್ವಲ್ಪ ಹೆಚ್ಚೂ ಬರುತ್ತದೆ. ಆದರೆ ಕಳೆದುಹೋದ ಉಸಿರೆಲ್ಲ ವಾಪಸ್ ಬರುವುದಿಲ್ಲ. ಆಪರೇಷನ್ನಿನ ದೊಡ್ಡ ಲಾಭ ಏನು ಗೊತ್ತೇ? ಇರುವ ಉಸಿರನ್ನು ಉಳಿಸುವುದು. ಅದಕ್ಕೇ ಉಸಿರು ಕಟ್ಟುವ ತನಕ ಕಾಯಬಾರದು.

ಆಪರೇಷನ್ನಿಗೆ ಮೊದಲು ಊದಿಸಿ ಉಸಿರಿನ ಪರೀಕ್ಷೆ ಮಾಡುತ್ತಾರೆ. ಆಮೇಲೆ ಮೂರು ಗುಂಡುಗಳಿರುವ ಒಂದು ಪ್ಲಾಸ್ಟಿಕ್ ಉಪಕರಣ ಕೊಡುತ್ತಾರೆ. ಉಸಿರು ಎಳೆದರೆ ಗುಂಡು ಮೇಲೇರುತ್ತದೆ. ಅದು ಆಟದ ಸಾಮಾನಲ್ಲ. ಹೇಳಿದಷ್ಟು ಸಲ ಮಗು ಅದನ್ನು ಎಳೆಯಲೇಬೇಕು.

‘ಆಪರೇಷನ್ ಮಾಡಿಸಿದರೆ ಕಾಲು ಬಿದ್ದುಹೋಗುತ್ತದೆ’ ಅಂತ ಕೆಲವರು ಹೆದರುತ್ತಾರೆ. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳೋದಿಲ್ಲ. ಕಾರಣ ತಿಳಿಯದ ಡೊಂಕಿನಲ್ಲಿ ನರಕ್ಕೆ ಪೆಟ್ಟಾಗುವುದು 100ರಲ್ಲಿ ಸುಮಾರು ಒಬ್ಬರಿಗೆ, ಅಥವಾ ಅದಕ್ಕಿಂತ ಕಡಿಮೆ. ಆಪರೇಷನ್ ನಡೆಯುವಾಗಲೇ ನರಗಳನ್ನು ಯಂತ್ರದಿಂದ ಗಮನಿಸುವ ವ್ಯವಸ್ಥೆ ಇದೆ. ‘ಆ ಯಂತ್ರ ನಿಮ್ಮಲ್ಲಿ ಇದೆಯಾ?’ ಅಂತ ಡಾಕ್ಟರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ಮಾತು. ಹುಡುಗಿಗೆ ಮದುವೆ ಆಗೋದಿಲ್ಲ ಅಂತ ಕೆಲವರು ಡೊಂಕನ್ನು ಮುಚ್ಚಿಡುತ್ತಾರೆ. ಸೆರಗು, ದುಪಟ್ಟಾ ಹೊದಿಸಿ ಕೂರಿಸುತ್ತಾರೆ. ಮುಚ್ಚಿಟ್ಟಷ್ಟೂ ಡೊಂಕು ಬೆಳೆಯುತ್ತದೆ, ಉಸಿರು ಕುಗ್ಗುತ್ತದೆ. ಬೆನ್ನುಡೊಂಕು ಇರುವ ಹೆಣ್ಣುಮಕ್ಕಳು ಮದುವೆಯಾಗಿದ್ದಾರೆ, ಮಕ್ಕಳನ್ನು ಹೆತ್ತಿದ್ದಾರೆ. ಜಮೈಕಾ ದೇಶದ ಓಟಗಾರ ಉಸೇನ್ ಬೋಲ್ಟ್ ಗೊತ್ತಲ್ಲ? ಅವರ ಬೆನ್ನೂ ಡೊಂಕು. 2009ರಲ್ಲಿ ಅವರು 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು!

ಮನೆಯಲ್ಲೇ ಹೀಗೆ ನೋಡಿ:
1. ಎರಡು ಭುಜ ಸಮ ಇವೆಯೇ?
2. ಒಂದು ಕಡೆಯ ಹೆಗಲ ಹಿಂದಿನ ಎಲುಬು ಉಬ್ಬಿದೆಯೇ?
3. ಸೊಂಟ ಒಂದು ಕಡೆ ಮೇಲಿದೆಯೇ?
4. ಕಾಲು ಜೋಡಿಸಿ, ಕೈ ಇಳಿಬಿಟ್ಟು, ಮುಂದಕ್ಕೆ ಬಗ್ಗಲು ಹೇಳಿ. ಹಿಂದೆ ನಿಂತು ನೋಡಿ. ಬೆನ್ನಿನ ಒಂದು ಕಡೆ ದಿಬ್ಬದ ಹಾಗೆ ಎದ್ದಿದೆಯೇ?

ಒಂದು ಇದ್ದರೂ ಡಾಕ್ಟರಿಗೆ ತೋರಿಸಿ. ‘ನೋವಿಲ್ಲವಲ್ಲ’ ಅಂತ ಸುಮ್ಮನಿರಬೇಡಿ. ಈ ಡೊಂಕು ಹೆಚ್ಚಾಗಿ ನೋವೇ ಕೊಡುವುದಿಲ್ಲ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಮೂಳೆ ಡಾಕ್ಟರಿಗೆ ಚೀಟಿ ಬರೆಸಿಕೊಳ್ಳಿ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ. ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಏನು ನೆರವು ಸಿಗುತ್ತದೆ ಅಂತ ಅಲ್ಲೇ ವಿಚಾರಿಸಿ.

ನೀವೀಗ ಓದಲು ಕಲಿತಿದ್ದೀರಿ. ಅಂಕಿ ಬರೆಯಲು ಕಲಿತಿದ್ದೀರಿ. ಡೊಂಕು ಎಷ್ಟು ಡಿಗ್ರಿ ಅಂತ ಡಾಕ್ಟರನ್ನೇ ಕೇಳಿ. ಆ ಅಂಕಿಯನ್ನು ತಾರೀಖಿನ ಜೊತೆ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಹೋದಾಗ ಹೋಲಿಸಿ ನೋಡಿ. ಹೆಚ್ಚಾಗಿದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಹಿರಿಯರು ಹೇಳಿದ್ದಾರೆ. ನೆಟ್ಟಗೆ ಮಾಡುವುದಕ್ಕೂ ಆ ಮಾತು ಸಲ್ಲುತ್ತದೆ. ಇವತ್ತು ಸಂಜೆ ಮನೆಗೆ ಹೋದ ಮೇಲೆ ಮಕ್ಕಳ ಬೆನ್ನನ್ನು ಒಮ್ಮೆ ನೋಡಿ.