ಓವರ್‌ಟೌನಿನ ಚಿತ್ರಕಾರ ಪರ್ವಿಸ್ ಯಂಗ್

ಅಮೆರಿಕದ ಮಯಾಮಿಯಲ್ಲಿ 1943ರಲ್ಲಿ ಹುಟ್ಟಿದ ಪರ್ವಿಸ್ ಯಂಗ್ ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹರೆಯದಲ್ಲಿ ಕಟ್ಟಡಕ್ಕೆ ಅಕ್ರಮವಾಗಿ ನುಗ್ಗಿದ ಅಪರಾಧಕ್ಕೆ ಜೈಲು ಸೇರಿದ ಅವರು ಅಲ್ಲಿಯೇ ಚಿತ್ರ ಬರೆಯಲು ತೊಡಗಿದರು. ಬಿಡುಗಡೆಯ ನಂತರ ಸಾರ್ವಜನಿಕ ಗ್ರಂಥಾಲಯದ ಪುಸ್ತಕಗಳೇ ಅವರಿಗೆ ಗುರುವಾದವು.

ಅವರು ಬಾಳಿದ್ದು ಓವರ್‌ಟೌನ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ. 1960ರ ದಶಕದಲ್ಲಿ ಹೆದ್ದಾರಿ ಈ ಬಡಾವಣೆಯನ್ನು ಸೀಳಿಕೊಂಡು ಹೋಯಿತು. ಸಾವಿರಾರು ಜನ ಮನೆ ಕಳೆದುಕೊಂಡರು. ಈ ಅನ್ಯಾಯ, ವಿಯೆಟ್ನಾಂ ಯುದ್ಧ, ವರ್ಣಭೇದ ಅವರೊಳಗೆ ಕುದಿಯುವ ಸಿಟ್ಟಾದವು. 1970ರ ದಶಕದ ಆರಂಭದಲ್ಲಿ ಗುಡ್‌ಬ್ರೆಡ್ ಆಲಿ ಎಂಬ ಓಣಿಯ ಪಾಳು ಗೋಡೆಗಳಿಗೆ ಅವರು ನೂರಾರು ಚಿತ್ರಗಳನ್ನು ಹೊಡೆದು ನಿಲ್ಲಿಸಿದರು.

ಕ್ಯಾನ್ವಾಸಿಗೆ ಕಾಸಿರಲಿಲ್ಲ. ಬೀದಿಗೆ ಎಸೆದ ಹಲಗೆ, ಬಾಗಿಲು, ರಟ್ಟು, ಹಳೆಯ ಪುಸ್ತಕಗಳ ಮೇಲೆಯೇ ಬಣ್ಣ ಹಚ್ಚಿದರು. ಅವರ ಕಾಡುಕುದುರೆಗಳು ಸ್ವಾತಂತ್ರ್ಯದ ಸಂಕೇತ. ಜನರಿಂದ ಕಿಕ್ಕಿರಿದ ದೋಣಿಗಳು ನೆಲೆ ಅರಸಿ ಬಂದ ಹೈಟಿ ನಿರಾಶ್ರಿತರ ಕಥೆ.

1999ರಲ್ಲಿ ಮಯಾಮಿಯ ಕಲಾಸಂಗ್ರಾಹಕ ರುಬೆಲ್ ದಂಪತಿ ಯಂಗ್ ಅವರ ಸುಮಾರು 3,000 ಕೃತಿಗಳನ್ನು ಕೊಂಡರು. ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಯಂಗ್ ಅವರ ದೇಹವನ್ನು ಹಿಂಡುತ್ತಿತ್ತು. ಮೂತ್ರಪಿಂಡದ ಕಸಿಯೂ ಆಯಿತು. ಆದರೂ ಕುಂಚ ಬಿಡದ ಯಂಗ್ 2010ರಲ್ಲಿ ತೀರಿಕೊಂಡರು. ವ್ಯವಸ್ಥೆ ಕಡೆಗಣಿಸಿದ ಜನರ ಬದುಕು ಅವರ ಚಿತ್ರಗಳ ಮೂಲಕ ಇಂದು ಅಮೆರಿಕದ ದೊಡ್ಡ ಕಲಾಸಂಗ್ರಹಾಲಯಗಳಲ್ಲಿ ದಾಖಲಾಗಿದೆ.