ಕೈಗೆ ಉಳಿ, ಕಾಲಿಗೆ ಬೆಟ್ಟ

(ಶತಮಾನೋತ್ಸವದ ಯುವಜನ ಸಭೆಯಲ್ಲಿ ಸ್ಕೌಟು ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ನೂರು ವರ್ಷಗಳ ಇತಿಹಾಸವನ್ನು ಕುರಿತು ಬಲ್ಲವರು ಮಾತನಾಡಿದ್ದಾರೆ. ನಾನು ಶಾಲೆಯ ಮೇಷ್ಟ್ರು. ಹುಡುಗರನ್ನು ಕಟ್ಟಿಕೊಂಡು ಬೆಟ್ಟ ಹತ್ತುವುದು, ಹಗ್ಗಕ್ಕೆ ಗಂಟು ಹಾಕುವುದು, ಗೂಟ ಹೊಡೆದು ಡೇರೆ ಎತ್ತುವುದು, ಇಷ್ಟೇ ನನ್ನ ವಿದ್ಯೆ. ಆದುದರಿಂದ ಇಂದು ಎರಡು ಸಣ್ಣ ವಸ್ತುಗಳನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ. ಒಂದು, ಹುಡುಗನ ಕೈಯಲ್ಲಿರುವ ಉಳಿ. ಇನ್ನೊಂದು, ನಮ್ಮೂರಿನ ಬೆನ್ನಿಗೆ ನಿಂತಿರುವ ಚಾಮುಂಡಿ ಬೆಟ್ಟ. ನಡುವೆ ನನ್ನದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ಸ್ಕೌಟಿಂಗ್ ಎಂಬುದು ಪುಸ್ತಕದಿಂದ ಹುಟ್ಟಿದ ವಿದ್ಯೆಯಲ್ಲ. 1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು ಇಪ್ಪತ್ತು ಹುಡುಗರನ್ನು ಕರೆದೊಯ್ದರು. ಅವರಲ್ಲಿ ಸಿರಿವಂತರ ಮಕ್ಕಳೂ ಇದ್ದರು, ದುಡಿಯುವವರ ಮಕ್ಕಳೂ ಇದ್ದರು. ಒಂದೇ ಡೇರೆಯಲ್ಲಿ ಮಲಗಿ, ಒಂದೇ ಒಲೆಯ ಅನ್ನ ಉಂಡು ಅವರು ಕಲಿತ ಮೇಲೆ, 1908ರಲ್ಲಿ, ಪುಸ್ತಕ ಬಂದಿತು. ಮರುವರ್ಷವೇ, ಅಂದರೆ 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬವರು ನಮ್ಮ ಬೆಂಗಳೂರಿನಲ್ಲಿಯೇ ಭಾರತದ ಮೊದಲ ದಳವನ್ನು ಕಟ್ಟಿದರು. ಆದರೆ ಆ ದಿನಗಳಲ್ಲಿ ಭಾರತೀಯ ಬಾಲಕರಿಗೆ ಅದರೊಳಗೆ ಪ್ರವೇಶವಿರಲಿಲ್ಲ. ಆ ಬಾಗಿಲನ್ನು ತೆರೆಸಲು ಆನಿ ಬೆಸೆಂಟ್, ಅರುಂಡೇಲ್, ಮದನಮೋಹನ ಮಾಲವೀಯ, ಶ್ರೀರಾಮ ಬಾಜಪೇಯಿ ಮೊದಲಾದವರು ತಾವೇ ಬೇರೆ ಸಂಸ್ಥೆಗಳನ್ನು ಕಟ್ಟಬೇಕಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆಬೇರೆಯಾಗಿದ್ದ ಬಳಗಗಳು ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. 1951ರಲ್ಲಿ ಗೈಡ್ ಬಾಲಕಿಯರೂ ಬಂದು ಕೂಡಿದರು. ಮೊದಲು ಮುಚ್ಚಿದ್ದ ಬಾಗಿಲೊಂದು ಹೀಗೆ ಎಲ್ಲರಿಗೂ ತೆರೆಯಿತೆಂಬುದನ್ನು ಬಾಲಕರು ಮರೆಯಬಾರದು.

ಈ ಚಳುವಳಿಗೂ ಮರಕ್ಕೂ ಬಹಳ ಹಳೆಯ ನಂಟು. ಶಿಬಿರದಲ್ಲಿ ತಟ್ಟೆ ಇಡುವ ಹಲಗೆಯಿಂದ ಹಿಡಿದು ಹಳ್ಳ ದಾಟುವ ಸೇತುವೆಯವರೆಗೆ ಎಲ್ಲವನ್ನೂ ಬಿದಿರು ಬೊಂಬು, ಹುರಿಹಗ್ಗಗಳಿಂದಲೇ ಕಟ್ಟಬೇಕು; ಮೊಳೆ ಹೊಡೆಯುವಂತಿಲ್ಲ. ಸ್ಕೌಟು ಅಧ್ಯಾಪಕರ ಉನ್ನತ ತರಬೇತಿ 1919ರಲ್ಲಿ ಇಂಗ್ಲೆಂಡಿನ ಗಿಲ್ವೆಲ್ ಎಂಬಲ್ಲಿ ಆರಂಭವಾಯಿತು. ಅದನ್ನು ಮುಗಿಸಿದವರಿಗೆ ಬಂಗಾರದ ಪದಕ ಕೊಡಲಿಲ್ಲ. ಚರ್ಮದ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿಗಳನ್ನು ಕೊಟ್ಟರು. ಇಂದಿಗೂ ಅದರ ಹೆಸರು ‘ವುಡ್ ಬ್ಯಾಡ್ಜ್’. ಕೈಯಿಂದ ಮಾಡಿದ ವಸ್ತುವಿಗೆ ಲೋಹಕ್ಕಿಂತ ಹೆಚ್ಚಿನ ಗೌರವ ಉಂಟೆಂಬುದನ್ನು ಆ ಎರಡು ಮಣಿಗಳು ಸಾರುತ್ತವೆ.

ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಬೀಟೆಯ ಊರು, ಗಂಧದ ಊರು. ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ಬೀಟೆಯ ಮೇಲೆ ದಂತದ ಕುಸುರಿಯನ್ನು ನೀವೆಲ್ಲ ನೋಡಿದ್ದೀರಿ. ಆನೆದಂತದ ವ್ಯಾಪಾರ ಕಾನೂನಿನಿಂದ ನಿಂತ ಮೇಲೂ ನಮ್ಮ ಕುಶಲಿಗಳು ಕೈಕಟ್ಟಿ ಕೂರಲಿಲ್ಲ. ಬೇರೆ ಬೇರೆ ಮರಗಳ ಸಹಜ ಬಣ್ಣಗಳನ್ನೇ ಆಯ್ದು, ಸಣ್ಣ ಗರಗಸದಿಂದ ತುಂಡು ಕೊಯ್ದು, ಬೀಟೆಯಲ್ಲಿ ಉಳಿಯಿಂದ ತೋಡಿದ ಗುಳಿಗೆ ಕೂರಿಸಿ, ಉಜ್ಜಿ ನಯಮಾಡಿ ಚಿತ್ರ ಬಿಡಿಸಿದರು. ಇನ್ನು ಅದೇ ಊರಿನ ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆಯ ಸಮಯದಲ್ಲಿಯೇ ಬೆಂಕಿಗೆ ಆಹುತಿಯಾಯಿತು. ಮರವನ್ನು ಪ್ರೀತಿಸುವವನು ಬೆಂಕಿಗೆ ಅಂಜಬೇಕೆಂಬ ಪಾಠವೂ ನಮ್ಮ ಊರಿನದೇ.

ಈಗ ನನ್ನ ತಪ್ಪಿನ ವಿಷಯ.

ಕೆಲವು ವರ್ಷಗಳ ಹಿಂದೆ ಹದಿನೆಂಟು ಹುಡುಗರೊಡನೆ ಬೆಳಗಿನ ಜಾವ ಬೆಟ್ಟದ ಮೆಟ್ಟಿಲು ಹತ್ತಿದೆ. ದೊಡ್ಡದೇವರಾಜ ಒಡೆಯರ ಕಾಲದ ಮೆಟ್ಟಿಲುಗಳವು. ಸಾವಿರವೆಂದು ಹೇಳುವುದು ವಾಡಿಕೆ. ಎಣಿಸುತ್ತ ಹತ್ತಿದ ಹುಡುಗರಲ್ಲಿ ಇಬ್ಬರ ಲೆಕ್ಕವಾದರೂ ಒಂದಾದುದನ್ನು ನಾನು ಕಂಡಿಲ್ಲ. ನಂದಿಯ ಬಳಿ ಕುಳಿತು ಏಕಶಿಲೆಯ ಕೆತ್ತನೆಯನ್ನು ನೋಡಿದೆವು. ಅಷ್ಟು ದೊಡ್ಡ ಬಂಡೆಯಲ್ಲಿ ಕೊರಳಿನ ಗಂಟೆಸರದ ಒಂದೊಂದು ಗಂಟೆಯನ್ನೂ ಬಿಡಿಸಿದ ಉಳಿಯ ತಾಳ್ಮೆಯನ್ನು ಕುರಿತು ಮಾತನಾಡಿದೆವು. ಮೇಲಿನಿಂದ ದಿಕ್ಸೂಚಿ ಹಿಡಿದು ಊರನ್ನು ಗುರುತಿಸಿದೆವು. ಬುಡದಲ್ಲಿ ಕಾರಂಜಿ ಕೆರೆ, ಈಶಾನ್ಯಕ್ಕೆ ಲಲಿತಮಹಲು, ಉತ್ತರದತ್ತ ಅರಮನೆ, ಅದರ ಹಿಂದೆ ಸಂತ ಫಿಲೋಮಿನಾ ದೇವಾಲಯದ ಅವಳಿ ಶಿಖರಗಳು. ಎಲ್ಲವೂ ಚೆನ್ನಾಗಿಯೇ ನಡೆಯಿತು.

ಇಳಿಯುವಾಗ ಒಬ್ಬ ಹುಡುಗನ ಕೈಯಲ್ಲಿ ಹೊಸ ಕೋಲು ಕಂಡಿತು. ದಿಂಡಿಗದ ಎಳೆಯ ಗಿಡವನ್ನು ಬುಡಕ್ಕೇ ಕಡಿದು, ಸಿಪ್ಪೆ ಸುಲಿದು, ಊರುಗೋಲು ಮಾಡಿಕೊಂಡಿದ್ದ. ಕೆಲಸ ಅಚ್ಚುಕಟ್ಟಾಗಿತ್ತು, ತುದಿಯನ್ನು ಗುಂಡಗೆ ಹೆರೆದಿದ್ದ. ನಾನು ಗದರಿದೆ: “ಇದು ಮೀಸಲು ಅರಣ್ಯ, ಇಲ್ಲಿ ಗಿಡ ಕಡಿಯುವುದು ಅಪರಾಧವೆಂದು ಗೊತ್ತಿಲ್ಲವೇ?” ಹುಡುಗ ತಲೆ ತಗ್ಗಿಸಿ ಹೇಳಿದ: “ಕತ್ತಿ ಹಿಡಿಯುವುದನ್ನು ನೀವೇ ಕಲಿಸಿದಿರಿ ಸಾರ್. ಯಾವುದನ್ನು ಕಡಿಯಬಾರದು ಅಂತ ಹೇಳಲಿಲ್ಲ.”

ನನಗೆ ಮಾತು ಹೊರಡಲಿಲ್ಲ. ಕತ್ತಿಯನ್ನು ಹೇಗೆ ಮಸೆಯಬೇಕು, ಹೇಗೆ ಕೈ ಬದಲಾಯಿಸಬೇಕು, ಬೆರಳನ್ನು ಹೇಗೆ ಕಾಯ್ದುಕೊಳ್ಳಬೇಕು, ಎಲ್ಲವನ್ನೂ ಕಲಿಸಿದ್ದೆ. ಮರದ ಪರಿಚಯವನ್ನು ಮಾತ್ರ ಮಾಡಿಸಿರಲಿಲ್ಲ. ಆ ಬೆಟ್ಟದ ಮೇಲೆ ಬೇಸಗೆಯಲ್ಲಿ ಬೆಂಕಿ ಬೀಳುತ್ತದೆ. ಅದನ್ನು ಗೆದ್ದು ಒಂದು ಗಿಡ ಆಳೆತ್ತರ ಬೆಳೆಯಬೇಕಾದರೆ ಎಷ್ಟು ಬೇಸಗೆಗಳನ್ನು ದಾಟಿರಬೇಕು! 2021ರ ಮಳೆಯಲ್ಲಿ ನಂದಿಯ ಕಡೆಯ ರಸ್ತೆ ಕುಸಿದುದನ್ನು ನೀವು ಬಲ್ಲಿರಿ. ಇಳಿಜಾರಿನ ಮಣ್ಣನ್ನು ಹಿಡಿದಿಡುವ ಕೈಗಳು ಬೇರುಗಳೇ. ಅಂದು ಸಂಜೆ ಹುಡುಗನೂ ನಾನೂ ಅರಣ್ಯ ಇಲಾಖೆಯ ಕಾವಲುಗಾರರ ಬಳಿಗೆ ಹೋಗಿ ನಡೆದುದನ್ನು ಹೇಳಿದೆವು. ಕೋಲನ್ನು ಅಲ್ಲಿಯೇ ಒಪ್ಪಿಸಿದೆವು. ಮೊದಲ ಕ್ಷಮೆಯನ್ನು ನಾನು ಕೇಳಿದೆ. ಎರಡನೆಯದನ್ನು ಹುಡುಗ ಕೇಳಿದ.

ಅನಂತರ ನಮಗೆ ಪಾಠ ಹೇಳಿದವರು ವಯಸ್ಸಾದ ಒಬ್ಬ ಬಡಗಿಗಳು. ಅವರು ಮೊದಲ ದಿನ ಹುಡುಗರ ಕೈಗೆ ಉಳಿಯನ್ನೇ ಕೊಡಲಿಲ್ಲ. ಹಲಸು, ತೇಗ, ಹೊನ್ನೆ, ಬೀಟೆಯ ತುಂಡುಗಳನ್ನು ಮೇಜಿನ ಮೇಲೆ ಹರಡಿ, ಕಣ್ಣು ಮುಚ್ಚಿ ಮೂಸಿರಿ, ತೂಗಿ ನೋಡಿರಿ, ಎಳೆ ಯಾವ ಕಡೆಗೆ ಓಡುತ್ತದೆಂದು ಬೆರಳಿನಿಂದ ತಿಳಿಯಿರಿ ಎಂದರು. ಎರಡನೆಯ ದಿನ ಸಾಣೆಕಲ್ಲು. ಮೊಂಡು ಉಳಿಯೇ ಕೈ ಕೊಯ್ಯುವುದು, ಹರಿತವಾದುದು ಹೇಳಿದ ಮಾತು ಕೇಳುತ್ತದೆ ಎಂಬುದು ಅವರ ಅನುಭವ. ಬಲ ಹಾಕಿ ನೂಕಿದಾಗ ಉಳಿ ಜಾರುತ್ತದೆ. ಹಿಡಿಯುವ ಕೈ ಎಂದಿಗೂ ಅದರ ಬಾಯಿಗೆ ಎದುರಾಗಿರಬಾರದು. ಮೂರನೆಯ ದಿನ ಕೊಡತಿ ಕೊಟ್ಟರು. ಎಳೆಯನ್ನು ನೋಡದೆ ಹೊಡೆದವನ ಹಲಗೆ ಸೀಳಿತು. ಅವರು ಬಯ್ಯಲಿಲ್ಲ, “ಮರ ಉತ್ತರ ಕೊಟ್ಟಿತು” ಎಂದರಷ್ಟೆ.

ಒಂದು ದಿನ ಅವರನ್ನು ಕೇಳಿದೆ: “ನಿಮ್ಮ ಮಗನಿಗೂ ಈ ವಿದ್ಯೆ ಬರುತ್ತದೆಯೇ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಇಲ್ಲ ಸ್ವಾಮಿ, ನಾನೇ ಮುಟ್ಟಗೊಡಲಿಲ್ಲ. ಬಡಗಿ ಅಂತ ಯಾರೂ ಅವನನ್ನು ಹೊರಗೆ ನಿಲ್ಲಿಸಬಾರದು ಅಂತ.” ಈ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ನಜರೇತಿನ ಬಡಗಿಯನ್ನು ಪೀಠದ ಮೇಲಿಟ್ಟು ಹೂ ಏರಿಸುವ ನಾವು, 1955ರಲ್ಲಿ ಘೋಷಿತವಾದ ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಮೇ 1ರಂದು ಆಚರಿಸುತ್ತ ಬಂದಿರುವ ನಾವು, ನಮ್ಮ ಬೀದಿಯ ಬಡಗಿಯನ್ನು ಹಿತ್ತಿಲ ಬಾಗಿಲಿನಿಂದ ಕರೆಯುವುದುಂಟಲ್ಲವೇ? ಕೈಕೆಲಸವನ್ನು ಮಕ್ಕಳಿಗೆ ಕಲಿಸುವುದು ಎಲ್ಲರೂ ಬಡಗಿಗಳಾಗಲಿ ಎಂದಲ್ಲ. ಒಂದು ಸಾದಾ ಮಣೆಯನ್ನು ನೇರಮಾಡಲು ಎಷ್ಟು ಬೆವರು ಬೇಕೆಂದು ತಿಳಿದ ಹುಡುಗ ಮುಂದೆ ಯಾವ ದುಡಿಯುವವನನ್ನೂ ಏಕವಚನದಲ್ಲಿ ಕರೆಯಲಾರ.

ಮರವನ್ನು ಎಲ್ಲಿಂದ ತರಬೇಕೆಂಬ ಪ್ರಶ್ನೆ ಉಳಿಯಿತು. ಉತ್ತರ ಮಲೆ ಮಹದೇಶ್ವರ ಬೆಟ್ಟದ ಸೋಲಿಗರಿಂದ ದೊರೆಯಿತು. ಕಾಡನ್ನು ನುಂಗುತ್ತಿರುವ ಲಂಟಾನವನ್ನು ಕಡಿದು, ನೀರಿನಲ್ಲಿ ಬೇಯಿಸಿ, ತೊಗಟೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ ಅವರು ಬೆತ್ತಕ್ಕೆ ಸಮನಾದ ಕುರ್ಚಿ ಬುಟ್ಟಿಗಳನ್ನು ಮಾಡುತ್ತಾರೆ. ಲಂಟಾನ ಹೊರನಾಡಿನಿಂದ ಬಂದ ಗಿಡ. ಅದನ್ನು ತೆಗೆದಷ್ಟೂ ನಾಡಿನ ಗಿಡಕ್ಕೆ ಬೆಳಕು. ನಾವೂ ಪರಿಚಯದವರೊಬ್ಬರ ತೋಟದ ಬೇಲಿಯಿಂದ, ಅವರ ಅಪ್ಪಣೆ ಪಡೆದು, ಲಂಟಾನ ತಂದೆವು. ಬೆಟ್ಟದಲ್ಲಿ ದಿಂಡಿಗವನ್ನು ಕಡಿದ ಹುಡುಗನೇ ಮೊದಲ ಸ್ಟೂಲನ್ನು ಕಟ್ಟಿದ. ಅದರ ಒಂದು ಕಾಲು ಸ್ವಲ್ಪ ಗಿಡ್ಡ. ಸಂಕೋಚವಿಲ್ಲದೆ ಅದನ್ನು ಇಂದು ಈ ವೇದಿಕೆಯ ಪಕ್ಕದಲ್ಲಿ ಇರಿಸಿದ್ದಾನೆ.

ತಾಯಂದಿರ ಅಂಜಿಕೆ ನನಗೆ ತಿಳಿಯದುದಲ್ಲ. ಕೈಗೆ ಗಾಯವಾದೀತು, ಬೆಟ್ಟದಲ್ಲಿ ಚಿರತೆ ಇದೆ, ಪರೀಕ್ಷೆ ಹತ್ತಿರ ಬಂತು, ಎಲ್ಲವೂ ನಿಜವೇ. ಆದುದರಿಂದಲೇ ಹಿರಿಯರ ಕಣ್ಣೆದುರಿನಲ್ಲಿ ಕಲಿಯಲಿ, ಹಗಲಿನಲ್ಲಿ ನಡೆಯಲಿ, ದಾರಿ ಬಿಟ್ಟು ಹೋಗದಿರಲಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಜೊತೆಗಿರಲಿ ಎನ್ನುತ್ತೇನೆ. ಬೆರಳಿಗೆ ಬೀಳುವ ಸಣ್ಣ ಗೀರು ವಾಸಿಯಾಗುತ್ತದೆ. ಏನನ್ನೂ ಮಾಡಲು ಬಾರದೆ ಬೆಳೆದ ಕೈಗೆ ಮದ್ದಿಲ್ಲ.

ಕಡೆಯದಾಗಿ ಒಂದು ಬೇಡಿಕೆ. ಸಭಾಭವನದ ಹಿಂದೆ ಹಳೆಯ ಬೆಂಚುಗಳನ್ನು ತುಂಬಿಟ್ಟಿರುವ ಕೋಣೆಯೊಂದಿದೆ. ಶತಮಾನೋತ್ಸವದ ನೆನಪಿಗೆ ಅದನ್ನು ನಮಗೆ ಕೊಡಿಸಿರಿ. ಶನಿವಾರ ಎರಡು ಗಂಟೆಗಳ ಕಾಲ, ಯಾವ ಮತದ, ಯಾವ ಬೀದಿಯ ಮಕ್ಕಳಾದರೂ ಬರಲಿ. ಆ ಬೆಂಚುಗಳನ್ನೇ ಮೊದಲು ದುರಸ್ತಿ ಮಾಡುತ್ತೇವೆ. ಹೊಸ ಮರ ಬೇಡ. ಬಡಗಿಯವರು ಬರಲು ಒಪ್ಪಿದ್ದಾರೆ. ಅವರು ಮುಂಬಾಗಿಲಿನಿಂದಲೇ ಬರಬೇಕೆಂಬುದು ಹುಡುಗರ ನಿರ್ಣಯ.